ಜಲಪರ್ಣಿ ಹಳದಿಯಾಗಿದೆಯಾ? ಮೊದಲು ಬೇರು ನೋಡಿ

ನಮ್ಮ ಮನೆಯಿಂದ ಪುಣೆಯ ಮುಠಾ ನದಿಗೆ ಹತ್ತು ನಿಮಿಷದ ನಡಿಗೆ. ಮಾರ್ಚ್ ಬಂತು ಅಂದರೆ ಸೇತುವೆ ಮೇಲೆ ನಿಂತವರಿಗೆ ಎಷ್ಟೋ ಕಡೆ ನೀರೇ ಕಾಣುವುದಿಲ್ಲ, ಬರೀ ತೇಲುವ ಜಲಪರ್ಣಿಯ ಹಸಿರು. ಅದೇ ಗಿಡದ ಆರು ಸಸಿಗಳನ್ನು ನರ್ಸರಿಯಿಂದ ತಂದು ಹಿತ್ತಲಿನ ಕೊಳದಲ್ಲಿ ಬಿಟ್ಟೆ. ಮೂರು ವಾರಕ್ಕೆ ಹಳದಿಯಾದವು. ಐದನೇ ವಾರಕ್ಕೆ ಎರಡು ಸತ್ತೇ ಹೋದವು. "ಭಾವೂ, ಇದಕ್ಕೆ ಏನೂ ಬೇಡ, ಸುಮ್ನೆ ನೀರಿಗೆ ಬಿಡಿ" ಅಂತ ನರ್ಸರಿಯ ಕಾಕಾ ಹೇಳಿದ್ದರು. ನದಿಯನ್ನೇ ಮುಚ್ಚುವ ಗಿಡ ನಮ್ಮ ಮನೆಯಲ್ಲಿ ಸಾಯುತ್ತಿದೆ ಅಂದರೆ ನನಗೆ ನಂಬಲಿಕ್ಕೇ ಆಗಲಿಲ್ಲ.

ಕಾರಣಗಳಲ್ಲಿ ಒಂದು ಬಹಳ ಸರಳ. ನದಿಯಲ್ಲಿ ಈ ಗಿಡ ಉಣ್ಣುವುದು ಊರಿನ ಕೊಳಚೆಯನ್ನು. ಮೋರಿಯ ನೀರಿನಲ್ಲಿ ಸಾರಜನಕ, ರಂಜಕ ಬೇಕಾದಷ್ಟು ಇರುತ್ತದೆ. ಮನೆಯ ಕೊಳಕ್ಕೆ ನಾವು ತುಂಬುವುದು ಖಡಕ್ವಾಸಲಾ ಅಣೆಕಟ್ಟಿನ ಕಡೆಯಿಂದ ಬರುವ ಶುದ್ಧ ನಲ್ಲಿ ನೀರು. ನಮಗೆ ಅದು ಒಳ್ಳೆಯದು, ಗಿಡಕ್ಕೆ ಮಾತ್ರ ಖಾಲಿ ತಟ್ಟೆ. ಆದರೆ ಹಸಿವೊಂದೇ ಕಾರಣ ಅಂತಲೂ ಅಂದುಕೊಳ್ಳಬೇಡಿ. ನಾನು ಹಾಗೆ ಅಂದುಕೊಂಡೇ ಎರಡು ತಿಂಗಳು ಕಳೆದೆ. ಆಮೇಲೆ ಪರಿಚಯದವರ ಕೊಳಗಳನ್ನೂ ನೋಡುತ್ತಾ ಬಂದಿದ್ದೇನೆ. ಈಗ ಯಾರ ಮನೆಗೆ ಹೋದರೂ ಒಂದೇ ಕ್ರಮದಲ್ಲಿ ನೋಡುತ್ತೇನೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದೇ ಗಿಡ ಹೌದಾ?

ಹೆಸರಿನ ಗೊಂದಲ ಜಾಸ್ತಿ ಇದೆ. ಪುಣೆಯಲ್ಲಿ ಇದು ಜಲಪರ್ಣಿ. ನರ್ಸರಿ ಚೀಟಿಯಲ್ಲಿ ವಾಟರ್ ಹಯಸಿಂತ್. ಹಳೆಯ ಪುಸ್ತಕದಲ್ಲಿ ಐಖಾರ್ನಿಯಾ, ಈಗಿನ ಹೆಸರು ಪಾಂಟೆಡೇರಿಯಾ ಕ್ರಾಸಿಪೆಸ್. ನಮ್ಮ ಕಡೆ ಅಂತರಗಂಗೆ ಅಂದರೆ ಕೆಲವರಿಗೆ ಇದು. ಇನ್ನು ಕೆಲವರಿಗೆ ಪುಟ್ಟ ಎಲೆಕೋಸಿನ ಹಾಗೆ ತೇಲುವ, ಎಲೆ ಮೇಲೆ ಮಖಮಲ್ಲಿನಂಥ ರೋಮ ಇರುವ ಬೇರೆಯೇ ಗಿಡ. ಆ ಎರಡನೆಯದರ ಹೂವು ಕಣ್ಣಿಗೇ ಬೀಳದಷ್ಟು ಸಣ್ಣದು. ಪಿಂಪ್ರಿಯಲ್ಲಿರುವ ಅಕ್ಕ ಒಬ್ಬರು "ಎರಡು ವರ್ಷವಾಯಿತು, ಒಂದು ಹೂವೂ ಬಿಟ್ಟಿಲ್ಲ" ಅಂತ ಬೇಸರಪಟ್ಟುಕೊಂಡಿದ್ದರು. ಹೋಗಿ ನೋಡಿದರೆ ಅವರ ಹತ್ತಿರ ಇದ್ದದ್ದು ಆ ಎಲೆಕೋಸಿನ ಗಿಡ. ಗಿಡಕ್ಕೆ ಏನೂ ಆಗಿರಲಿಲ್ಲ. ಜಲಪರ್ಣಿಯ ಎಲೆ ನುಣುಪಾಗಿ ಹೊಳೆಯುತ್ತದೆ. ಅದರ ತೊಟ್ಟು ಊದಿಕೊಂಡಿರುತ್ತದೆ, ಒತ್ತಿದರೆ ಸ್ಪಂಜಿನ ಹಾಗೆ ಮೆತ್ತಗೆ. ಒಳಗೆಲ್ಲ ಗಾಳಿ. ಗಿಡ ತೇಲುವುದೇ ಅದರಿಂದ.

ಎತ್ತಿ ಹಿಡಿದು ನೋಡಿ

ಎಲೆ ನೋಡುವ ಮೊದಲು ಗಿಡವನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನ ಮೇಲೆತ್ತಿ. ನೀರು ಸೋರಲಿ. ಒಂದು ಬಿಳಿ ತಟ್ಟೆಯಲ್ಲಿ ನೀರು ಹಾಕಿ ಗಿಡವನ್ನು ಅದರಲ್ಲಿ ಕೂರಿಸಿ. ಬೇರು ಬಿಚ್ಚಿಕೊಳ್ಳುತ್ತದೆ. ಆರೋಗ್ಯದ ಬೇರು ಹಕ್ಕಿಯ ಗರಿಯ ಹಾಗೆ ಇರುತ್ತದೆ. ನಡುವೆ ಒಂದು ಎಳೆ, ಎರಡೂ ಕಡೆ ಸಾವಿರ ಸಣ್ಣ ಎಳೆ. ಬೆಳಕು ಬೀಳುವ ಕಡೆ ಕಪ್ಪು ನೇರಳೆ ಬಣ್ಣ, ಹೊಸ ತುದಿ ಬೆಳ್ಳಗೆ. ಈ ಕಪ್ಪು ಬಣ್ಣ ನೋಡಿ "ಕೊಳೆತಿದೆ" ಅಂತ ಕತ್ತರಿಸಿ ಹಾಕುವವರಿದ್ದಾರೆ. ದಯವಿಟ್ಟು ಕತ್ತರಿಸಬೇಡಿ. ಕೊಳೆತ ಬೇರು ಕಂದು ಬಣ್ಣಕ್ಕೆ ತಿರುಗುತ್ತದೆ, ಬೆರಳಿಗೆ ಲೋಳೆ ಹತ್ತುತ್ತದೆ, ಕೆಟ್ಟ ವಾಸನೆ ಬರುತ್ತದೆ.

ಈಗ ಉದ್ದ ನೋಡಿ. ಗಿಡ ಅಂಗೈಯಷ್ಟು, ಬೇರು ಮಾತ್ರ ಮೊಳದುದ್ದ ಅಂದರೆ ಅದು ಹಸಿವು. ನೀರಿನಲ್ಲಿ ಊಟ ಕಡಿಮೆಯಿದ್ದಾಗ ಗಿಡ ಎಲೆ ಬಿಟ್ಟು ಬೇರನ್ನೇ ಬೆಳೆಸುತ್ತದೆ, ಹುಡುಕಾಟಕ್ಕೆ. ಹೊಟ್ಟೆ ತುಂಬಿದ ಗಿಡದ ಬೇರು ಗಿಡ್ಡ, ಎಲೆ ದೊಡ್ಡದು. ಬೇರು ಕತ್ತರಿಯಲ್ಲಿ ಸಮ ಮಾಡಿದ ಹಾಗೆ ಇದ್ದರೆ ಮೀನು ಮೇಯುತ್ತಿದೆ. ಗೋಲ್ಡ್ ಫಿಶ್, ಕೋಯಿ ಎರಡಕ್ಕೂ ಈ ಬೇರು ತುಂಬಾ ಇಷ್ಟ. ತರಕಾರಿಯ ಪ್ಲಾಸ್ಟಿಕ್ ಬುಟ್ಟಿಯನ್ನು ತೇಲಿಬಿಟ್ಟು ಗಿಡವನ್ನು ಅದರೊಳಗೆ ಇಟ್ಟರೆ ಆ ತೊಂದರೆ ಅಲ್ಲಿಗೇ ಮುಗಿಯಿತು.

ಯಾವ ಎಲೆ ಹಳದಿ?

ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದೇ. ನಾನು ತಪ್ಪಿದ್ದೂ ಇಲ್ಲೇ.

ಹೊರಗಿನ ಒಂದೆರಡು ಎಲೆ ಯಾವಾಗಲೂ ಹಳದಿಯಾಗಿ ಉದುರುತ್ತವೆ. ವಯಸ್ಸಾದ ಎಲೆ ಅದು, ಕಿತ್ತು ಹಾಕಿ. ಹೊರಗಿನ ಎಲೆಗಳೆಲ್ಲ ಒಟ್ಟಿಗೆ ಹಳದಿ, ನಡುವಿನ ಚಿಗುರು ಮಾತ್ರ ಹಸಿರು ಅಂದರೆ ಸಾರಜನಕ ಸಾಲದು. ಗಿಡ ಹಳೆ ಎಲೆಯಿಂದ ಸಾರಜನಕ ಎಳೆದು ಹೊಸ ಎಲೆಗೆ ಕೊಡುತ್ತಿದೆ. ಇದಕ್ಕೆ ತದ್ವಿರುದ್ಧ, ಹಳೆ ಎಲೆ ಹಸಿರು, ಹೊಸ ಚಿಗುರೇ ಹಳದಿ, ನರಗಳ ಗೆರೆ ಮಾತ್ರ ಹಸಿರಾಗಿ ಪಟ್ಟೆ ಪಟ್ಟೆ ಕಾಣುತ್ತದೆ ಅಂದರೆ ಕಬ್ಬಿಣದ ಕೊರತೆ. ಕಬ್ಬಿಣವನ್ನು ಹಳೆ ಎಲೆಯಿಂದ ಎಳೆದು ತರಲು ಗಿಡಕ್ಕೆ ಆಗುವುದಿಲ್ಲ. ಹಾಗಾಗಿ ಚಿಗುರು ಮೊದಲು ಸೊರಗುತ್ತದೆ.

ನನ್ನ ಗಿಡಗಳಲ್ಲಿ ಚಿಗುರು ಹಳದಿ ಇತ್ತು. ನಾನು ಅದನ್ನು ಗಮನಿಸದೆ "ಹಸಿವು" ಅಂತ ನಿರ್ಧರಿಸಿ ಸಗಣಿ ನೀರು ಸುರಿದೆ. ವಾರದಲ್ಲಿ ಕೊಳ ಪಾಲಕ್ ಸಾರಿನ ಬಣ್ಣಕ್ಕೆ ಬಂತು. ಪಾಚಿ ಸೊಕ್ಕಿ ಬೆಳೆಯಿತು, ಗಿಡ ಹಾಗೇ ಹಳದಿ. ಮೀನಿನ ತೊಟ್ಟಿಗೆ ಬಳಸುವ ಪಿಎಚ್ ಕಿಟ್, ಅಂದರೆ ನೀರು ಹುಳಿಯೋ ಕ್ಷಾರವೋ ಅಂತ ಅಳೆಯುವ ಕಿಟ್ ತಂದು ನೋಡಿದಾಗ ಒಂಬತ್ತರ ಮೇಲೆ ತೋರಿಸಿತು, ಅಂದರೆ ತುಂಬಾ ಕ್ಷಾರ. ಆಗ ಅರ್ಥವಾಯಿತು. ಕೊಳ ಹೊಸದು. ಸಿಮೆಂಟಿನ ಗಿಲಾವು ಒಣಗಿದ ಮರುವಾರವೇ ನೀರು ತುಂಬಿದ್ದೆ. ಹೊಸ ಸಿಮೆಂಟು ಸುಣ್ಣ ಬಿಡುತ್ತದೆ. ಸುಣ್ಣದ ನೀರಿನಲ್ಲಿ ಕಬ್ಬಿಣ ಇದ್ದರೂ ಗಿಡದ ಬಾಯಿಗೆ ಸಿಗುವುದಿಲ್ಲ. ಈ ಗಿಡಕ್ಕೆ ಆರರಿಂದ ಎಂಟರ ಒಳಗಿನ ಪಿಎಚ್ ಒಗ್ಗುತ್ತದೆ.

ಹೊಸ ಸಿಮೆಂಟ್ ಕೊಳಕ್ಕೆ ಅಡ್ಡದಾರಿ ಇಲ್ಲ. ನೀರು ತುಂಬಿ ನಾಲ್ಕು ದಿನ ಬಿಡಿ, ಖಾಲಿ ಮಾಡಿ, ಗೋಡೆಯನ್ನು ವಿನೆಗರ್ ಹಾಕಿ ಬ್ರಷ್‌ನಲ್ಲಿ ಉಜ್ಜಿ, ತೊಳೆದು ಮತ್ತೆ ತುಂಬಿ. ನಾನು ಐದು ಸಲ ಮಾಡಿದೆ. ನಮ್ಮದು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಒಂದೂವರೆ ಅಡಿ ಆಳ. ಅಂದರೆ ಸುಮಾರು 1000 ಲೀಟರ್. ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ಊರಿನಲ್ಲಿ ಅಷ್ಟು ನೀರು ಚೆಲ್ಲುವುದು ಮನಸ್ಸಿಗೆ ಕಷ್ಟ. ಹಾಗಾಗಿ ಆ ನೀರಿನಲ್ಲೇ ಅಂಗಳ, ಮೆಟ್ಟಿಲು ತೊಳೆದೆವು. ಹೂಗಿಡಕ್ಕೆ ಅದನ್ನು ಹಾಕಬೇಡಿ. ಕೊಳ ಕಟ್ಟಿಸುವವರಿದ್ದರೆ ಮೇ ಕೊನೆಗೆ ಗಿಲಾವು ಮುಗಿಸಿ. ಜೂನ್, ಜುಲೈ ಮಳೆಯೇ ತುಂಬಿ, ಹರಿಸಿ, ತೊಳೆದು ಕೊಡುತ್ತದೆ.

ಪಿಎಚ್ ಇಳಿಯುವವರೆಗೆ ಗಿಡ ಉಳಿಸಿಕೊಳ್ಳಲು ಚಿಲೇಟೆಡ್ ಕಬ್ಬಿಣ, ಅಂದರೆ ನೀರಿನಲ್ಲಿ ಕರಗಿಯೇ ಉಳಿಯುವಂತೆ ಬೇರೊಂದು ವಸ್ತುವಿನ ಜೊತೆ ಕಟ್ಟಿದ ಕಬ್ಬಿಣ ಕೊಡಬಹುದು. ಹಡಪ್ಸರ್ ಕಡೆಯ ಕೃಷಿ ಸೇವಾ ಕೇಂದ್ರಗಳಲ್ಲಿ ಸಿಗುತ್ತದೆ. ಕೊಳ್ಳುವಾಗ ಪೊಟ್ಟಣದ ಮೇಲೆ ಏನಿದೆ ಓದಿ. ಇಡಿಟಿಎ ಅಂತ ಇದ್ದರೆ ಅದು ಸುಣ್ಣದ ನೀರಿನಲ್ಲಿ ನಿಲ್ಲುವುದಿಲ್ಲ. ಇಡಿಡಿಎಚ್ಎ ಅಂತ ಇದ್ದರೆ ನಿಲ್ಲುತ್ತದೆ, ಬೆಲೆ ಮಾತ್ರ ಜಾಸ್ತಿ. ನೀರಿಗೆ ಒಂದೆರಡು ದಿನ ಕೆಂಪು ಛಾಯೆ ಬರುತ್ತದೆ, ಗಾಬರಿ ಬೇಡ.

ಕೊಳಕ್ಕಲ್ಲ, ಗಿಡಕ್ಕೆ ಊಟ ಹಾಕಿ

ನಿಜವಾಗಿ ಹಸಿವೇ ಆಗಿದ್ದರೆ ಗೊಬ್ಬರವನ್ನು ಕೊಳಕ್ಕೆ ಸುರಿಯಬೇಡಿ. ಪಾಚಿ ಮೊದಲು ತಿನ್ನುತ್ತದೆ, ಮೀನಿಗೂ ಅಪಾಯ. ಬೇರೆ ಟಬ್ ಇಡಿ. ನಾನು ಮಾಡುವುದು ಹೀಗೆ. 50 ಲೀಟರ್ ನೀರು ಹಿಡಿಯುವ ಹಳೆಯ ಟಬ್ಬಿಗೆ 19:19:19 ಅನ್ನುವ (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ) ನೀರಲ್ಲಿ ಕರಗುವ ಗೊಬ್ಬರ ಒಂದು ಟೀ ಚಮಚ, ಮಟ್ಟಸವಾಗಿ. ಅದನ್ನು ಬಿಸಿಲಿಗೆ ಇಟ್ಟು ಸೊರಗಿದ ಗಿಡಗಳನ್ನು ಒಂದು ವಾರ ಅದರಲ್ಲಿ ಬಿಡುತ್ತೇನೆ. ಆಮೇಲೆ ಬೇರು ತೊಳೆದು ಕೊಳಕ್ಕೆ ವಾಪಸ್. ಉಳಿದ ನೀರು ದಾಸವಾಳಕ್ಕೆ. ನಾಲ್ಕೈದು ದಿನಕ್ಕೇ ಹೊಸ ಎಲೆ ದಟ್ಟ ಹಸಿರಾಗಿ ಬರುವುದು ಕಾಣುತ್ತದೆ. ರಾಸಾಯನಿಕ ಬೇಡ ಅನ್ನುವವರು ಎರೆಗೊಬ್ಬರವನ್ನು ಹಳೆ ಪಂಚೆ ಬಟ್ಟೆಯಲ್ಲಿ ಗಂಟು ಕಟ್ಟಿ ಟಬ್ಬಿನಲ್ಲಿ ನೇತುಹಾಕಬಹುದು. ಸ್ವಲ್ಪ ನಿಧಾನ, ಆದರೆ ಕೆಲಸ ಆಗುತ್ತದೆ. ಮೀನಿರುವ ಕೊಳಕ್ಕೆ ಯೂರಿಯಾ ಮುಟ್ಟಿಸಲೇಬೇಡಿ.

ಕೊಳದಲ್ಲಿ ಐದಾರು ಮೀನು ಚೆನ್ನಾಗಿ ಉಣ್ಣುತ್ತಿದ್ದರೆ ಅವುಗಳ ಹೊಲಸೇ ಗಿಡಕ್ಕೆ ಸಾಕು. ಎಷ್ಟೋ ಮನೆಗಳಲ್ಲಿ ಟಬ್ಬಿನ ಅಗತ್ಯವೇ ಬೀಳುವುದಿಲ್ಲ.

ಎಲೆ ಅಂಚು ಸುಟ್ಟ ಹಾಗಿದ್ದರೆ

ಏಪ್ರಿಲ್, ಮೇ ತಿಂಗಳಲ್ಲಿ ಹೆಚ್ಚಾಗಿ ಬರುವ ದೂರು ಇದು. ಬಿಸಿಲೇ ಕಾರಣ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಧ ನಿಜ. ಕಪ್ಪು ಪ್ಲಾಸ್ಟಿಕ್ ಟಬ್ಬಿನಲ್ಲಿ ಮಧ್ಯಾಹ್ನ ನೀರಿಗೆ ಕೈ ಇಟ್ಟರೆ ಬೆಚ್ಚಗಲ್ಲ, ಬಿಸಿಯಾಗಿಯೇ ಇರುತ್ತದೆ. ಅಂಥ ಕಡೆ ಹನ್ನೆರಡರಿಂದ ನಾಲ್ಕರವರೆಗೆ ಹಸಿರು ನೆಟ್ ಕಟ್ಟಿ.

ಆದರೆ ಕೊಳದ ಅಂಚಿನಲ್ಲಿ, ನೀರಿನ ಗೆರೆಯ ಮೇಲೆ ಬೆರಳಿನಿಂದ ಕೆರೆದು ನೋಡಿ. ಬಿಳಿ ಪುಡಿ ಬಂದರೆ ಅದು ಉಪ್ಪು. ಈ ಗಿಡ ಎಲೆಯ ಮೂಲಕ ತುಂಬಾ ನೀರು ಬಿಡುತ್ತದೆ. ಗಿಡವಿಲ್ಲದ ಕೊಳಕ್ಕಿಂತ ಬೇಗ ಮಟ್ಟ ಇಳಿಯುತ್ತದೆ. ನಾವು ಬೋರ್‌ವೆಲ್ ನೀರೋ ಟ್ಯಾಂಕರ್ ನೀರೋ ತುಂಬಿಸುತ್ತೇವೆ. ನೀರು ಆವಿಯಾಗುತ್ತದೆ, ಅದರ ಉಪ್ಪು ಅಲ್ಲೇ ಉಳಿಯುತ್ತದೆ. ಹೀಗೆ ಎರಡು ತಿಂಗಳಲ್ಲಿ ಉಪ್ಪು ಕೂಡುತ್ತಾ ಹೋಗಿ ಎಲೆ ತುದಿ ಸುಡುತ್ತದೆ. ಬಾವಧನದ ಒಂದು ಮನೆಯಲ್ಲಿ ಆರ್‌ಒ ಯಂತ್ರದಿಂದ ಹೊರಬರುವ ನೀರನ್ನು "ದಂಡ ಆಗಬಾರದು" ಅಂತ ಕೊಳಕ್ಕೆ ಬಿಡುತ್ತಿದ್ದರು. ಉದ್ದೇಶ ಒಳ್ಳೆಯದೇ. ಆದರೆ ಆ ನೀರಿನಲ್ಲಿ ಇರುವುದು ಯಂತ್ರ ಸೋಸಿ ಬಿಟ್ಟ ಉಪ್ಪೇ. ಅದನ್ನು ನೆಲ ಒರೆಸಲು ಇಟ್ಟುಕೊಳ್ಳಿ. ಕೊಳದ ಮೂರನೇ ಒಂದು ಭಾಗ ನೀರು ತೆಗೆದು ನಲ್ಲಿ ನೀರು ತುಂಬಿ, ಹದಿನೈದು ದಿನ ಬಿಟ್ಟು ಮತ್ತೊಮ್ಮೆ ಮಾಡಿ. ಅಷ್ಟರಲ್ಲಿ ಹೊಸ ಎಲೆ ಸುಡದೆ ಬರಬೇಕು.

ಡಿಸೆಂಬರ್, ಜನವರಿ

ಪುಣೆಯ ಚಳಿಯಲ್ಲಿ ಗಿಡ ನಿಂತುಬಿಡುತ್ತದೆ. ರಾತ್ರಿ ಹತ್ತು ಡಿಗ್ರಿ ಹತ್ತಿರ ಇಳಿದರೆ ಬೆಳವಣಿಗೆ ಇಲ್ಲ, ಎಲೆ ಕಂದಾಗುತ್ತದೆ. ಜೊತೆಗೆ ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ದಕ್ಷಿಣದಲ್ಲಿ ಎತ್ತರದ ಕಟ್ಟಡವಿದ್ದರೆ ಬೇಸಿಗೆಯಲ್ಲಿ ಬಿಸಿಲಲ್ಲಿದ್ದ ಕೊಳ ಈಗ ಇಡೀ ದಿನ ನೆರಳಲ್ಲಿ. ಈ ಗಿಡಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಟಬ್ಬಾದರೆ ಎಳೆದು ಬಿಸಿಲಿಗೆ ಇಡಿ. ಕೊಳವಾದರೆ ಎರಡು ಮೂರು ಗಿಡ ಟಬ್ಬಿಗೆ ಹಾಕಿ ಟೆರೇಸಿಗೆ ಒಯ್ಯಿರಿ.

ಸತ್ತಿದೆ ಅಂತ ಎಸೆಯುವ ಮೊದಲು ಬುಡ ಹಿಸುಕಿ ನೋಡಿ. ಎಲೆಗಳೆಲ್ಲ ಹುಟ್ಟುವ ಆ ಗಟ್ಟಿ ಗಂಟು ಬೆರಳಿಗೆ ಗಟ್ಟಿಯಾಗಿ ಸಿಕ್ಕರೆ ಜೀವ ಇದೆ. ಫೆಬ್ರವರಿ ಕೊನೆಗೆ ಚಿಗುರುತ್ತದೆ. ಮೆತ್ತಗಾಗಿ ನಾರುತ್ತಿದ್ದರೆ ಮಾತ್ರ ತೆಗೆಯಿರಿ.

ಎಲೆ ಮೇಲೆ ಕೆರೆದ ಗುರುತು

ದೊಡ್ಡ ತೂತಾದರೆ ಮಿಡತೆ ಅಥವಾ ಹುಳ, ಹುಡುಕಿ ತೆಗೆದರೆ ಸಾಕು. ಹೂಗೊನೆಗೆ ಗಿಡಹೇನು ಮುತ್ತಿದರೆ ನೀರಿನಲ್ಲಿ ಅದ್ದಿ ಉಜ್ಜಿ, ಮೀನು ತಿನ್ನುತ್ತವೆ. ಎಲೆಯ ಮೇಲ್ಪದರ ಮಾತ್ರ ಹೋಗಿ, ಸಾಸಿವೆಗಿಂತ ಸ್ವಲ್ಪ ದೊಡ್ಡ ದುಂಡು ಕಲೆಗಳು ತುಂಬಿದ್ದರೆ ಅದು ನಿಯೋಕೆಟಿನಾ ಅನ್ನುವ ಸೊಂಡಿಲು ಕೀಟ. ಜಲಪರ್ಣಿಯನ್ನು ಹಿಡಿತಕ್ಕೆ ತರಲೆಂದೇ 1980ರ ದಶಕದಲ್ಲಿ ಹೊರದೇಶದಿಂದ ತರಿಸಿ ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟ ಕೀಟ ಅದು. ರಾತ್ರಿ ಮೇಯುತ್ತದೆ, ಮರಿ ತೊಟ್ಟಿನೊಳಗೆ ಸುರಂಗ ಕೊರೆಯುತ್ತದೆ. ನಿಮ್ಮ ಮಲ್ಲಿಗೆ, ಗುಲಾಬಿಗೆ ಅದರಿಂದ ತೊಂದರೆ ಇಲ್ಲ. ಕೊರೆದ ತೊಟ್ಟು ಕಿತ್ತು ಹಾಕಿ. ಔಷಧಿ ಸಿಂಪಡಿಸಬೇಡಿ. ಆ ಕೀಟ ಹೊರಗೆ ಮಾಡುತ್ತಿರುವ ಕೆಲಸ ದೊಡ್ಡದು.

ಕಾರಂಜಿ ಇದ್ದರೆ ಅದರಿಂದ ದೂರ ಇಡಿ. ಸದಾ ಎಲೆ ಒದ್ದೆಯಾಗುವುದು, ನೀರು ಅಲ್ಲಾಡುವುದು ಇದಕ್ಕೆ ಹಿಡಿಸುವುದಿಲ್ಲ.

ಗಿಡ ಚೆನ್ನಾಗಿದೆ, ಹೂವೇ ಇಲ್ಲ

ಮೊದಲು ತೊಟ್ಟು ನೋಡಿ. ಗುಂಡಗೆ ಊದಿಕೊಂಡಿದ್ದು ಗಿಡಗಳ ನಡುವೆ ಜಾಗ ಇದ್ದರೆ, ಗಿಡಕ್ಕೆ ಇನ್ನೂ ಹರಡುವ ಆಸೆ. ಬಳ್ಳಿ ಚಾಚಿ ಮರಿ ಹಾಕುವುದರಲ್ಲೇ ಇರುತ್ತದೆ. ಗಿಡಗಳು ಭುಜಕ್ಕೆ ಭುಜ ತಾಗಿದಾಗ ತೊಟ್ಟು ಉದ್ದವಾಗಿ ನೆಟ್ಟಗೆ ಏಳುತ್ತದೆ. ಹೂಗೊನೆ ಬರುವುದು ಸಾಮಾನ್ಯವಾಗಿ ಆಮೇಲೆ. ಇದಕ್ಕಾಗಿ ಕೊಳ ಪೂರ್ತಿ ತುಂಬಿಸಬೇಕಿಲ್ಲ. ಅರ್ಧ ಇಂಚಿನ ಪಿವಿಸಿ ಪೈಪನ್ನು ನಾಲ್ಕು ಎಲ್ಬೋ ಹಾಕಿ ಚೌಕ ಮಾಡಿ, ಅಂಟಿಸಿ ತೇಲಿಬಿಡಿ. ಗಿಡಗಳನ್ನು ಅದರೊಳಗೆ ಒತ್ತಾಗಿ ಕೂರಿಸಿ. ಕೊಳದ ಅರ್ಧಕ್ಕಿಂತ ಜಾಸ್ತಿ ಮುಚ್ಚಬಾರದು, ಮೀನಿಗೆ ಉಸಿರಾಡಲು ಗಾಳಿ ಬೇಕಲ್ವಾ.

ಎಲೆ ತುಂಬಾ ದೊಡ್ಡದು, ಕಡು ಹಸಿರು, ಹೂವಿಲ್ಲ ಅಂದರೆ ಊಟ ಜಾಸ್ತಿಯಾಗಿದೆ. ಟಬ್ಬಿನ ಗೊಬ್ಬರ ನಿಲ್ಲಿಸಿ. ನನ್ನ ಅನುಭವದಲ್ಲಿ ಇನ್ನೊಂದು ಉಪಾಯವೂ ಫಲ ಕೊಟ್ಟಿದೆ. ಎರಡು ಗಿಡಗಳನ್ನು ಅಗಲ ಬಾಯಿಯ ಕುಂಡದಲ್ಲಿ, ಕೆಳಗೆ ಮಣ್ಣು ಹಾಕಿ, ಬೇರು ಕೆಸರಿಗೆ ತಾಗುವಷ್ಟು ಮಾತ್ರ ನೀರಿಟ್ಟೆ. ತೇಲುವ ಗಿಡಗಳಿಗಿಂತ ಎರಡು ವಾರ ಮೊದಲೇ ಅವು ಹೂವಾದವು.

ನಮ್ಮಲ್ಲಿ ಮೊದಲ ಗೊನೆ ಬಂದದ್ದು ಒಂದು ಏಪ್ರಿಲ್ ಬೆಳಿಗ್ಗೆ. ಹಿಂದಿನ ಸಂಜೆ ಮೊಗ್ಗು ಎಲೆಯೊಳಗೆ ಸುತ್ತಿಕೊಂಡಿತ್ತು. ಬೆಳಿಗ್ಗೆ ಎಂಟಕ್ಕೆ ನೋಡಿದರೆ ಒಂಬತ್ತು ಹೂವು ಒಟ್ಟಿಗೆ ಅರಳಿದ್ದವು. ಆರು ಎಸಳು, ತಿಳಿ ನೇರಳೆ, ನೀರಿನಲ್ಲಿ ಅದ್ದಿ ತೆಗೆದ ರೇಷ್ಮೆಯಷ್ಟು ತೆಳು. ಮೇಲಿನ ಎಸಳಿನ ಮೇಲೆ ಮಾತ್ರ ಕಡು ನೀಲಿ, ಅದರ ನಡುವೆ ಹಳದಿ ಬೊಟ್ಟು. ನವಿಲುಗರಿಯ ಕಣ್ಣೇ ಸರಿ. ಅಮ್ಮ ಹತ್ತಿರ ಕೂತು ಅದನ್ನು ಬಹಳ ಹೊತ್ತು ನೋಡಿದರು. ಸಂಜೆಗೆ ಬಾಡಿತು. ಇದರ ಹೂವಿನ ಆಯಸ್ಸು ಒಂದೇ ದಿನ. ಮರುದಿನ ಗೊನೆ ಬಾಗಿ ನೀರಿಗೆ ತಲೆ ಇಳಿಸುತ್ತದೆ. ಇದು ರೋಗ ಅಲ್ಲ, ಬೀಜವನ್ನು ನೀರಿಗೆ ಇಳಿಸುವ ಕ್ರಮ.

ಆ ಬಾಗಿದ ಗೊನೆಯನ್ನು ಅಂದೇ ಕತ್ತರಿಸಿ. ಬೀಜ ಕೆಸರಿನಲ್ಲಿ ಇಪ್ಪತ್ತು ವರ್ಷ ಜೀವ ಹಿಡಿದು ಕೂರಬಲ್ಲದು.

ಹೆಚ್ಚಾದದ್ದನ್ನು ಏನು ಮಾಡುವುದು

ದೋಷ ಸರಿಯಾದ ಮೇಲೆ ಹೊಸ ಸಮಸ್ಯೆ ಇದು. ಬೆಚ್ಚಗಿನ ದಿನಗಳಲ್ಲಿ ಒಂದೆರಡು ವಾರಕ್ಕೇ ಗಿಡ ದುಪ್ಪಟ್ಟಾಗುತ್ತದೆ. ಅಮೆಜಾನ್ ಕಡೆಯ ಈ ಗಿಡ ನಮ್ಮ ದೇಶದಲ್ಲಿ ಎಷ್ಟು ಕಾಡಿತು ಅಂದರೆ ಬಂಗಾಳದಲ್ಲಿ 1936ರಲ್ಲಿ ಇದರ ಮೇಲೆ ಕಾನೂನೇ ಬಂತು.

ನಿಮ್ಮ ಕೊಳದ ಓವರ್‌ಫ್ಲೋ ಪೈಪ್ ಎಲ್ಲಿಗೆ ಹೋಗುತ್ತದೆ ನೋಡಿ. ನಮ್ಮದು ಮಳೆನೀರಿನ ಚರಂಡಿಗೆ, ಅಲ್ಲಿಂದ ನಾಲಾಗೆ, ಅಲ್ಲಿಂದ ಮುಠಾಗೆ. ಮುಠಾ ಮುಳಾ ನದಿಯನ್ನು ಕೂಡಿ ಭೀಮೆಗೆ ಸೇರುತ್ತದೆ. ಭೀಮೆ ಉಜನಿ ಅಣೆಕಟ್ಟು ದಾಟಿ ನಮ್ಮ ಅಫಜಲಪುರದ ಕಡೆ ಬರುತ್ತಾಳೆ. ಪಕ್ಕದ ಮನೆಯ ಮರಾಠಿ ಅಜ್ಜಿ ದತ್ತನ ದರ್ಶನಕ್ಕೆ ವರ್ಷಕ್ಕೊಮ್ಮೆ ಗಾಣಗಾಪುರಕ್ಕೆ ಹೋಗಿ ಸಂಗಮದಲ್ಲಿ ಮುಳುಗು ಹಾಕುವುದೂ ಅದೇ ಭೀಮೆಯಲ್ಲಿ. ಇಲ್ಲಿ ತಪ್ಪಿಸಿಕೊಂಡ ಒಂದು ಮರಿ ಅಲ್ಲಿಯ ರೈತನ ಪಂಪಿಗೆ ಸುತ್ತಿಕೊಳ್ಳಬಹುದು. ಮೇ ಮುಗಿಯುವ ಮೊದಲು ಪೈಪಿನ ಬಾಯಿಗೆ ಸೊಳ್ಳೆಪರದೆಯ ಜಾಲರಿಯನ್ನು ಎರಡು ಪದರ ಕಟ್ಟಿ, ಮಳೆಗಾಲದಲ್ಲಿ ವಾರಕ್ಕೊಮ್ಮೆ ತೊಳೆಯಿರಿ. ಇಲ್ಲದಿದ್ದರೆ ಕಸ ಕಟ್ಟಿ ನೀರು ಅಂಚಿನ ಮೇಲಿಂದ ಹರಿಯುತ್ತದೆ, ಗಿಡವೂ ಜೊತೆಗೆ.

ಗಿಡವನ್ನು ನದಿಯಿಂದ ಎತ್ತಿ ತರಬೇಡಿ. ಕೊಳಚೆಯಲ್ಲಿ ಸೀಸ, ಕ್ರೋಮಿಯಂ ಇದ್ದರೆ ಇದು ಹೀರಿ ಇಟ್ಟುಕೊಳ್ಳುತ್ತದೆ. ಆನೆಕಾಲು ರೋಗ ಹರಡುವ ಒಂದು ಜಾತಿಯ ಸೊಳ್ಳೆಯ ಮರಿಗಳು ಇದರ ಬೇರಿಗೇ ಚುಚ್ಚಿಕೊಂಡು ಉಸಿರಾಡುತ್ತವೆ. ನರ್ಸರಿ ಗಿಡವನ್ನೂ ಬಕೆಟ್ಟಿನಲ್ಲಿ ಜೋರಾಗಿ ಜಾಲಾಡಿಸಿ ತೊಳೆದೇ ಬಿಡಿ. ಕೊಳದಲ್ಲಿ ಗಪ್ಪಿ ಮೀನು ಇರಲಿ.

ತೆಗೆದ ಗಿಡಗಳನ್ನು ಚರಂಡಿಯಿಂದ ದೂರ, ಟೆರೇಸಿನ ಮೇಲೆ ಬೇರು ಮೇಲೆ ಮಾಡಿ ಹರಡಿ. ಹತ್ತು ದಿನದ ಬಿಸಿಲಿಗೆ ಒಂದು ಬುಟ್ಟಿ ಗಿಡ ಒಂದು ಹಿಡಿಯಾಗುತ್ತದೆ. ತೊಟ್ಟು ಮುರಿದರೆ ಚಟ್ ಅಂತ ಸದ್ದು ಬರಬೇಕು. ಬಗ್ಗಿದರೆ ಇನ್ನೆರಡು ದಿನ ಬಿಡಿ. ಆಮೇಲೆ ಅಡುಗೆ ಮನೆಯ ಕಸದ ಜೊತೆ ಗೊಬ್ಬರದ ಡಬ್ಬಿಗೆ ಹಾಕಬಹುದು. ಬೀಜದ ಗೊನೆಗಳನ್ನು ಮಾತ್ರ ಅದರಲ್ಲಿ ಸೇರಿಸಬೇಡಿ. ಅವನ್ನು ಬೇರೆಯಾಗಿ ಕುದಿಯುವ ನೀರಿನಲ್ಲಿ ಅದ್ದಿ, ಆಮೇಲೆ ಕಸಕ್ಕೆ ಕೊಡಿ.